ಬೆಳೆಯುವ ಸಿರಿಯೂ ಮೊಳಕೆಯೂ

“ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತೊಟ್ಟಿಲ ಮಗು ದೀಪವನ್ನು ದಿಟ್ಟಿಸಿ ನೋಡಿದರೆ ಸಾಕು, ಅದು ಮುಂದೆ ಮಹಾಪಂಡಿತನಾಗುವುದೆಂದು ಅಜ್ಜಿ ಹೇಳುವಳು. ಅಂಬೆಗಾಲಿಡುವ ಕೂಸು ಸೌಟನ್ನು ಹಿಡಿದು ನೆಲಕ್ಕೆ ಬಡಿದರೆ ಮೃದಂಗದ ವಿದ್ವಾಂಸನಾಗುವುದೆಂದು ಸೋದರಮಾವನು ಹೇಳುವನು. ಇಂತಹ ಭವಿಷ್ಯವಾಣಿಗಳಿಂದ ಯಾರಿಗೂ ನಷ್ಟವಿಲ್ಲ. ಆದರೆ ಮೊಳಕೆಯನ್ನು ನೋಡಿ ಸಿರಿಯನ್ನು ಹೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ಜನರು ಲೋಕದಲ್ಲಿ ಉಂಟು. ಅವರ ಮಾತಿನ ಮೇಲೆ ಅಪಾರವಾದ ಹಣವೂ, ಅದಕ್ಕಿಂತ ಮಿಗಿಲಾಗಿ ಹದಿನೆಂಟು ವರ್ಷದ ಹುಡುಗರ ಬಾಳಿನ ದಾರಿಯೂ ನಿಂತಿರುತ್ತದೆ. ಅಂತಹವರ ಕೆಲಸದ ರೀತಿಯನ್ನು ವಾಚಕರಿಗೆ ಅರಿಕೆ ಮಾಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ಮೂವತ್ತೈದು ವರ್ಷ ಸಂಸ್ಕೃತವನ್ನು ಬೋಧಿಸಿ ವಿಶ್ರಾಂತಿ ಪಡೆದಿರುವ ನಮಗೂ ಆಟದ ಕಣಕ್ಕೂ ಏನು ಸಂಬಂಧವೆಂದು ಕೇಳುವವರು ಕೊನೆಯವರೆಗೆ ಸ್ವಲ್ಪ ತಾಳ್ಮೆಯಿಂದಿರಬೇಕಾಗಿ ಪ್ರಾರ್ಥನೆ.

ನಮ್ಮ ಮಗಳು ಕೆನಡಾ ದೇಶದ ಟೊರಾಂಟೊ ನಗರದ ಮಗ್ಗುಲಿನ ಮಿಸ್ಸಿಸಾಗ ಎಂಬ ಊರಿನಲ್ಲಿ ಸಂಸಾರ ಹೂಡಿದ್ದಾಳೆ. ಒಂದು ಚಳಿಗಾಲವನ್ನೂ ಅದರ ಹಿಂದೆಯೇ ಬಂದ ವಸಂತವನ್ನೂ ನಾವು ಅವಳ ಮನೆಯಲ್ಲಿ ಕಳೆದೆವು. ಹತ್ತು ವರ್ಷದ ಮೊಮ್ಮಗನು ನಸುಕಿನಲ್ಲೆದ್ದು, ತನ್ನ ತೂಕಕ್ಕೆ ಸಮನಾದ ಚೀಲವೊಂದನ್ನು ಎಳೆದುಕೊಂಡು, ತಂದೆಯೊಡನೆ ಹಾಕಿಯ ಅಭ್ಯಾಸಕ್ಕೆ ಹೊರಡುವುದನ್ನು ಕಂಡು ಕುತೂಹಲದಿಂದ ನಾವೂ ಹಿಂಬಾಲಿಸಿದೆವು. ಹಾಕಿಯೆಂದರೆ ನಮಗೆ ನೆನಪಾಗುವುದು ಕೊಡಗಿನ ಹಸುರು ಮೈದಾನ. ಅಲ್ಲಿಯವರ ಹಾಕಿಯಾದರೋ ಮಂಜುಗಡ್ಡೆಯ ಮೇಲಿನ ಆಟ. ಕಣವು ೨೦೦ ಅಡಿ ಉದ್ದ, ೮೫ ಅಡಿ ಅಗಲ. ಚೆಂಡಿಗೆ ಬದಲಾಗಿ ‘ಪಕ್’ ಎಂಬ, ೩ ಅಂಗುಲ ವ್ಯಾಸದ, ೧ ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಕಾಲಿಗೆ ಉಕ್ಕಿನ ಅಲಗುಳ್ಳ ಪಾದರಕ್ಷೆ. ಒಂದೊಂದು ಕಡೆಗೆ ಐವರು ಆಟಗಾರರು, ಒಬ್ಬ ಗೋಲ್‌ಕೀಪರ್. ಆಟದ ವೇಗವು ಎಷ್ಟೆಂದರೆ, ಆಟಗಾರನು ಮುಕ್ಕಾಲು ನಿಮಿಷದಷ್ಟು ಕಾಲ ಆಡಿ, ಏದುಸಿರು ಬಿಡುತ್ತ ಬೆಂಚಿಗೆ ಮರಳುವನು. ಅವನ ಸ್ಥಾನಕ್ಕೆ ಇನ್ನೊಬ್ಬನು ಧುಮುಕುವನು.

ಈ ಆಟವನ್ನು ಜೀವನೋಪಾಯವಾಗಿ ಆಡುವವರ ಮಹಾಸಂಘಕ್ಕೆ ನ್ಯಾಷನಲ್ ಹಾಕಿ ಲೀಗ್ ಎಂದು ಹೆಸರು. ಅದು ೧೯೧೭ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಸ್ಥಾಪಿತವಾಯಿತು. ಈಗ ಅದರಲ್ಲಿ ೩೨ ತಂಡಗಳಿವೆ. ವರ್ಷಕ್ಕೊಮ್ಮೆ ಈ ತಂಡಗಳು ಸರದಿಯಂತೆ ಒಬ್ಬೊಬ್ಬ ಹುಡುಗನ ಹೆಸರನ್ನು ಕೂಗಿ ತಮ್ಮವನನ್ನಾಗಿ ಮಾಡಿಕೊಳ್ಳುತ್ತವೆ. ಇದಕ್ಕೆ ‘ಡ್ರಾಫ್ಟ್’ ಎನ್ನುವರು. ನಮ್ಮ ದೇಶದ ಕ್ರಿಕೆಟ್ ಹರಾಜಿನಂತೆ ಇಲ್ಲಿ ಹಣವನ್ನು ಕೂಗುವುದಿಲ್ಲ; ಸರದಿಯೇ ಇಲ್ಲಿ ಮುಖ್ಯ. ಹಿಂದಿನ ಋತುವಿನಲ್ಲಿ ಸೋತು ಹಿಂದೆ ಬಿದ್ದ ತಂಡಗಳಿಗೆ ಮೊದಲ ಸರದಿ. ಹೀಗೆ ಮಾಡಿದರೆ ದುರ್ಬಲರು ಕ್ರಮೇಣ ಬಲಗೊಳ್ಳುವರೆಂಬುದು ಉದ್ದೇಶ. ಮೊದಲ ಸರದಿಯ ಆಸೆಗೆ ಬೇಕೆಂದೇ ಸೋಲುವ ದುರ್ಬುದ್ಧಿ ಯಾರಿಗೂ ಹುಟ್ಟದಿರಲೆಂದು ೧೯೯೫ರಿಂದ ಚೀಟಿ ಎತ್ತುವ ಕ್ರಮವನ್ನೂ ಸೇರಿಸಿದ್ದಾರೆ. ಏಳು ಸುತ್ತುಗಳಲ್ಲಿ ಒಟ್ಟು ೨೨೪ ಹುಡುಗರು ಆಯ್ಕೆಯಾಗುವರು. ಆ ವರ್ಷದ ಸೆಪ್ಟೆಂಬರ್ ೧೫ರೊಳಗೆ ೧೮ ವರ್ಷ ತುಂಬುವವರು ಇದಕ್ಕೆ ಅರ್ಹರು. ತಂಡವು ಹುಡುಗನನ್ನು ಆರಿಸುವುದೇ ಹೊರತು ಹುಡುಗನು ತಂಡವನ್ನು ಆರಿಸುವಂತಿಲ್ಲ.

ಈ ಕ್ರಮಕ್ಕೆ ಮುಂಚೆ ಇದ್ದ ಪದ್ಧತಿ ಇನ್ನೂ ವಿಚಿತ್ರವಾದುದು. ಯಾವ ತಂಡವು ಮೊದಲು ನೋಡಿ ಸಹಿ ಹಾಕಿಸಿಕೊಂಡರೆ ಹುಡುಗನು ಆ ತಂಡದ ಸೊತ್ತು. ೧೯೬೧ರಲ್ಲಿ ಬಾಸ್ಟನ್ ತಂಡದ ಅಧಿಕಾರಿಗಳು ಒಂಟಾರಿಯೊ ಪ್ರಾಂತದ ಗನನೋಕ್ವೆ ಎಂಬ ಸಣ್ಣ ಊರಿಗೆ ಇಬ್ಬರು ಬಾಲಕರನ್ನು ಪರೀಕ್ಷಿಸಲು ಹೋಗಿದ್ದರು. ಅಲ್ಲಿ ಎದುರು ತಂಡದಲ್ಲಿ ಆಡುತ್ತಿದ್ದ, ಹನ್ನೆರಡು ವರ್ಷದ ಸಣಕಲು ಹುಡುಗನೊಬ್ಬನ ಮೇಲೆ ಅವರ ಕಣ್ಣು ಬಿದ್ದಿತು. ನೋಡಲು ಬಂದವರನ್ನು ಮರೆತು ಅವನನ್ನೇ ನೋಡಿದರು. ಅವನಿಗೆ ಹದಿನಾಲ್ಕು ತುಂಬಿದ ವರ್ಷವೇ ಸಹಿ ಹಾಕಿಸಿಕೊಂಡರು. ಅವನೇ ಬಾಬಿ ಓರ್. ರಕ್ಷಣೆಯ ಸ್ಥಾನದಲ್ಲಿ ಆಡುತ್ತಿದ್ದರೂ ಇಡೀ ಲೀಗಿನಲ್ಲಿ ಅತಿ ಹೆಚ್ಚು ಅಂಕಗಳನ್ನು ಗಳಿಸಿದ ಕೀರ್ತಿಯನ್ನು ಅವನು ಎರಡು ಬಾರಿ ಪಡೆದನು. ಹದಿನಾಲ್ಕರ ಬಾಲಕರನ್ನು ಹೀಗೆ ಕಟ್ಟಿಹಾಕುವ ಪದ್ಧತಿಯನ್ನು ಕ್ರಮೇಣ ತೊಲಗಿಸುವುದಕ್ಕಾಗಿ ೧೯೬೩ರ ಜೂನ್ ೫ರಂದು ಮಾಂಟ್ರಿಯಲ್‌ನ ಹೋಟಲೊಂದರಲ್ಲಿ ಮೊದಲನೆಯ ಡ್ರಾಫ್ಟ್ ನಡೆಯಿತು. ಆಗ ಇದ್ದುದು ಆರು ತಂಡ. ಆಯ್ಕೆಯಾದವರು ೨೧ ಮಂದಿ.

ಹೆಸರು ಕೂಗುವುದಕ್ಕೆ ಒಂದು ನಿಮಿಷ ಸಾಕು. ಆದರೆ ಆ ಹೆಸರನ್ನು ನಿಶ್ಚಯಿಸುವುದಕ್ಕೆ ವರ್ಷಗಳ ಶ್ರಮವುಂಟು. ಪ್ರತಿಯೊಂದು ತಂಡವೂ ಹುಡುಗರನ್ನು ಅರಸುವ ಶೋಧಕರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದೆ. ಅವರನ್ನು ಅಲ್ಲಿ ‘ಸ್ಕೌಟ್’ ಎಂದು ಕರೆಯುವರು. ನಮ್ಮ ಶಾಲೆಗಳಲ್ಲಿ ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಸಾಲಾಗಿ ನಡೆಯುವ ಸ್ಕೌಟುಗಳು ಇವರಲ್ಲ. ೧೯೭೫ರಿಂದ ಲೀಗಿನದೇ ಆದ ಕೇಂದ್ರ ಶೋಧನಾಲಯವೂ ಇದ್ದು, ಅದು ಉತ್ತರ ಅಮೆರಿಕದ ಹುಡುಗರನ್ನೂ ಯೂರೋಪು ಮೊದಲಾದ ಕಡೆಯವರನ್ನೂ, ಗೋಲ್‌ಕೀಪರುಗಳನ್ನೂ ಬೇರೆ ಬೇರೆಯಾಗಿ ಶ್ರೇಣೀಕರಿಸಿ ಪಟ್ಟಿಗಳನ್ನು ಪ್ರಕಟಿಸುತ್ತದೆ.

ಶೋಧಕನು ಸಾವಿರಾರು ಮೈಲಿ ಸಂಚರಿಸಿ, ಸಣ್ಣ ಪಟ್ಟಣಗಳ ತಣ್ಣನೆಯ ಕ್ರೀಡಾಭವನಗಳಲ್ಲಿ ಮೂಲೆ ಹಿಡಿದು ಕುಳಿತು, ಕೈಯಲ್ಲೊಂದು ಟಿಪ್ಪಣಿ ಪುಸ್ತಕವನ್ನಿಟ್ಟುಕೊಂಡು ನೋಡುವನು. ಪಕ್ ಯಾರ ಬಳಿಯಿದೆಯೋ ಅವನನ್ನು ಪ್ರೇಕ್ಷಕರೆಲ್ಲರೂ ನೋಡುವರು. ಶೋಧಕನು ಪಕ್ ಇಲ್ಲದಾಗ ಹುಡುಗನು ಏನು ಮಾಡುವನೆಂಬುದನ್ನು ನೋಡುವನು. ಪಕ್ ತನ್ನ ಬಳಿಗೆ ಬರುವ ಮೊದಲೇ ಕತ್ತು ಹೊರಳಿಸಿ ಯಾರು ಎಲ್ಲಿದ್ದಾರೆಂದು ತಿಳಿದುಕೊಳ್ಳುವನೇ? ಎಡಕ್ಕೂ ಬಲಕ್ಕೂ ಸಮನಾಗಿ ತಿರುಗಬಲ್ಲನೇ? ತಪ್ಪು ಮಾಡಿ ಪಕ್ಕನ್ನು ಕಳೆದುಕೊಂಡ ಮರುಕ್ಷಣವೇ ಅದರ ಬೆನ್ನಟ್ಟುವನೇ, ಅಥವಾ ತಲೆ ತಗ್ಗಿಸಿ ನಿಲ್ಲುವನೇ? ಬೆಂಚಿಗೆ ಮರಳಿದಾಗ ಸಂಗಡಿಗನ ಬೆನ್ನು ತಟ್ಟುವನೇ? ಇಂತಹವೇ ಅವನ ಪ್ರಶ್ನೆಗಳು. ಅಲ್ಲಿಯ ಹದಿನಾರು, ಹದಿನೇಳರ ಹುಡುಗರು ಅನೇಕರು ಮನೆಯನ್ನು ಬಿಟ್ಟು, ತಮ್ಮ ತಂಡವಿರುವ ಊರಿನಲ್ಲಿ ಯಾವುದಾದರೊಂದು ಗೃಹಸ್ಥರ ಮನೆಯಲ್ಲಿ ಉಳಿದು ಆಡುವರು. ನಮ್ಮ ಹಿರಿಯರ ಕಾಲದ ವಾರಾನ್ನದ ಹುಡುಗರನ್ನು ಇದು ನೆನಪಿಗೆ ತಂದಿತು. ಶೋಧಕರು ಆ ಮನೆಯೊಡತಿಯನ್ನೂ ವಿಚಾರಿಸುವುದುಂಟಂತೆ. ಹುಡುಗನ ಶೀಲವು ಊಟದ ತಟ್ಟೆಯನ್ನು ಎತ್ತಿಡುವುದರಲ್ಲಿಯೂ ಕಾಣುವುದೆಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಶೋಧಕನಿಗೆ ಪ್ರತ್ಯಕ್ಷವಾಗಿರುವುದು ಹದಿನೆಂಟರ ಹುಡುಗ. ಅವನು ಅನುಮಾನದಿಂದ ತಿಳಿಯಬೇಕಾದುದು ಇಪ್ಪತ್ತೈದರ ಪುರುಷನನ್ನು. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯಿದೆಯೆಂದು ಊಹಿಸುವುದು ಸುಲಭ. ಏಕೆಂದರೆ ಹೊಗೆಗೂ ಬೆಂಕಿಗೂ ತಪ್ಪದ ಸಂಬಂಧವುಂಟು. ಹುಡುಗನ ಇಂದಿಗೂ ನಾಳೆಗೂ ಅಂತಹ ಸಂಬಂಧವನ್ನು ಯಾರು ಕಂಡಿದ್ದಾರೆ? ಮಂಜನ್ನು ಕಂಡು ಹೊಗೆಯೆಂದು ಭ್ರಮಿಸಿದರೆ ಅದಕ್ಕೆ ನಮ್ಮ ಶಾಸ್ತ್ರಕಾರರು ಹೇತ್ವಾಭಾಸವೆಂದು ಹೆಸರಿಟ್ಟಿದ್ದಾರೆ. ಹೇತುವಿನಂತೆ ತೋರುವುದು, ಹೇತುವಲ್ಲ. ಈ ಕೆಲಸದಲ್ಲಿ ಅಂತಹ ಮಂಜು ಬಹಳ.

ಮೊದಲನೆಯ ಮಂಜು ದೇಹಬಲದ್ದು. ಡ್ರಾಫ್ಟಿಗೆ ಕೆಲವು ವಾರಗಳ ಮುಂಚೆ ಸುಮಾರು ನೂರು ಹುಡುಗರನ್ನು ಒಂದೆಡೆ ಕರೆಸಿ ಪರೀಕ್ಷಿಸುವರು. ೨೦೧೫ರಿಂದ ಈ ಪರೀಕ್ಷೆ ಬಫಲೊ ನಗರದಲ್ಲಿ ನಡೆಯುತ್ತ ಬಂದಿದೆ. ನಿಂತಲ್ಲೇ ನಿಂತಿರುವ ಸೈಕಲ್ಲನ್ನು ಉಸಿರು ಕಟ್ಟುವವರೆಗೆ ತುಳಿಸುವರು. ನೆಗೆತವನ್ನೂ ಕೈಹಿಡಿತವನ್ನೂ ಅಳೆಯುವರು. ತಂಡಗಳವರು ಒಬ್ಬೊಬ್ಬನನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವರು. ೨೦೧೪ರಲ್ಲಿ ಸ್ಯಾಮ್ ಬೆನೆಟ್ ಎಂಬ ಹುಡುಗನು ಕೇಂದ್ರ ಶೋಧನಾಲಯದ ಪಟ್ಟಿಯಲ್ಲಿ ಉತ್ತರ ಅಮೆರಿಕದ ಆಟಗಾರರೊಳಗೆ ಮೊದಲಿಗನಾಗಿದ್ದನು. ಅವನು ಪರೀಕ್ಷೆಯ ದಿನ ಅಡ್ಡ ಸಲಾಕೆಯನ್ನು ಹಿಡಿದು ಮೈಯನ್ನು ಮೇಲಕ್ಕೆಳೆಯುವ ಕಸರತ್ತನ್ನು ಒಂದು ಸಾರಿಯೂ ಪೂರೈಸಲಾರದೆ ಹೋದನು. ಪತ್ರಿಕೆಗಳು ಇದನ್ನೇ ಬರೆದವು, ಜನ ನಕ್ಕರು. ಆ ವರ್ಷ ನಾಲ್ಕನೆಯವನಾಗಿ ಆಯ್ಕೆಯಾದ ಅವನು ೨೦೨೫ರಲ್ಲಿ ಫ್ಲಾರಿಡಾ ತಂಡವು ಲೀಗಿನ ಮಹಾಪ್ರಶಸ್ತಿಯಾದ ಸ್ಟಾನ್ಲಿ ಕಪ್ಪನ್ನು ಗೆದ್ದಾಗ, ಆ ಕೊನೆಯ ಘಟ್ಟದ ಪಂದ್ಯಗಳ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯನ್ನು ಪಡೆದನು. ಪರೀಕ್ಷೆಯು ಸುಳ್ಳು ಹೇಳಲಿಲ್ಲ. ಆ ದಿನದ ತೋಳಿನ ಬಲವನ್ನು ಅದು ಸರಿಯಾಗಿಯೇ ಅಳೆಯಿತು. ಅದರಿಂದ ಹೆಚ್ಚಿನದನ್ನು ಊಹಿಸಿದವರದು ತಪ್ಪು.

ಎರಡನೆಯದು ಕೀರ್ತಿಯ ಮಂಜು. ೧೯೯೩ರಲ್ಲಿ ಅಲೆಗ್ಸಾಂಡ್ರ್ ಡೇಗ್ ಎಂಬ ಹುಡುಗನನ್ನು ಆಟಾವಾ ತಂಡವು ಎಲ್ಲರಿಗಿಂತ ಮೊದಲು ಆರಿಸಿತು. ಇವನು ಯುಗಕ್ಕೊಬ್ಬನೆಂದು ಆಗ ಹೊಗಳಿದವರಿಗೆ ಲೆಕ್ಕವಿರಲಿಲ್ಲ. ಅವನು ಲೀಗಿನಲ್ಲಿ ೬೧೬ ಪಂದ್ಯಗಳನ್ನು ಆಡಿದನು. ಇದು ಸಣ್ಣ ಸಾಧನೆಯೆಂದು ಹೇಳಲಾಗದು. ಆದರೆ ಹೊರಿಸಿದ್ದ ನಿರೀಕ್ಷೆಯ ಭಾರಕ್ಕೆ ಏನೂ ಸಾಲಲಿಲ್ಲ. ಅಂದು ಎರಡನೆಯವನಾಗಿ ಆಯ್ಕೆಯಾದ ಕ್ರಿಸ್ ಪ್ರಾಂಗರ್ ಲೀಗಿನ ಅತ್ಯುನ್ನತ ಆಟಗಾರರ ಸಾಲಿಗೆ ಸೇರಿದನು. ಮೊದಲನೆಯವನೆಂಬ ಹೆಸರನ್ನು ಹೊತ್ತು ಬೆಳೆಯಬೇಕಾದ ಹುಡುಗನ ಪಾಡನ್ನು, ತರಗತಿಗೆ ಮೊದಲಿಗರಾಗಿದ್ದ ಮಕ್ಕಳ ತಾಯಂದಿರು ಬಲ್ಲರು.

ಮೂರನೆಯದು ಆಕಾರದ ಮಂಜು. ರಷ್ಯದ ಪಾವೆಲ್ ದತ್ಸುಕ್ ತೆಳ್ಳಗಿದ್ದನು. ಅವನನ್ನು ಎಲ್ಲರೂ ಕೈಬಿಟ್ಟಿದ್ದರು. ಡೆಟ್ರಾಯಿಟ್ ತಂಡದ ಶೋಧಕರಾದ ಹಾಕನ್ ಆಂಡರ್ಸನ್ ಎಂಬ ಸ್ವೀಡನ್ ದೇಶದವರು ಬೇರೊಬ್ಬ ಹುಡುಗನನ್ನು ನೋಡಲು ಹೋದಾಗ ಅವನ ಆಟ ಕಣ್ಣಿಗೆ ಬಿದ್ದಿತು. ೧೯೯೮ರಲ್ಲಿ ೧೭೧ನೆಯ ಸರದಿಯಲ್ಲಿ ಆ ತಂಡವು ಅವನನ್ನು ಆರಿಸಿತು. ಮರುವರ್ಷ ೨೧೦ನೆಯ ಸರದಿಯಲ್ಲಿ ಸ್ವೀಡನ್ನಿನ ಹೆನ್ರಿಕ್ ಜೆಟ್ಟರ್‌ಬರ್ಗ್ ಎಂಬವನನ್ನು ಆರಿಸಿತು. ಇಬ್ಬರೂ ೨೦೦೮ರಲ್ಲಿ ಸ್ಟಾನ್ಲಿ ಕಪ್ಪನ್ನು ತಂದುಕೊಟ್ಟವರ ಮುಂಚೂಣಿಯಲ್ಲಿದ್ದರು. ಚೆಕ್ ದೇಶದ ಗೋಲ್‌ಕೀಪರ್ ದೊಮಿನಿಕ್ ಹಾಶೆಕ್ ೧೯೮೩ರಲ್ಲಿ ೧೯೯ನೆಯವನು; ವರ್ಷದ ಶ್ರೇಷ್ಠ ಗೋಲ್‌ಕೀಪರನೆಂಬ ಪ್ರಶಸ್ತಿ ಮುಂದೆ ಅವನಿಗೆ ಆರು ಬಾರಿ ಬಂದಿತು. ಗೋಲ್‌ಕೀಪರುಗಳು ಹಲಸಿನ ಕಾಯಿಯಂತೆ ತಡವಾಗಿ ಪಕ್ವವಾಗುವರೆಂದು ಬಲ್ಲವರು ಹೇಳುವರು. ಐದಡಿ ಎಂಟು ಅಂಗುಲದ ಮಾರ್ಟಿನ್ ಸೇಂಟ್ ಲೂಯಿಯ ಹೆಸರನ್ನಂತೂ ಯಾರೂ ಕೂಗಲೇ ಇಲ್ಲ. ಅವನು ೨೦೦೪ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನೆನಿಸಿದನು.

ಬಾಬಿ ಓರ್‌ನನ್ನೂ ದತ್ಸುಕ್‌ನನ್ನೂ ಕಂಡುಹಿಡಿದ ರೀತಿಯಲ್ಲಿರುವ ಹೋಲಿಕೆಯನ್ನು ವಾಚಕರು ಗಮನಿಸಿರಬಹುದು. ಇಬ್ಬರನ್ನೂ ಕಂಡವರು ಬೇರೆ ಯಾರನ್ನೋ ನೋಡಲು ಹೋದವರು. ಪಟ್ಟಿಯಲ್ಲಿರುವ ಹೆಸರನ್ನು ಹಿಡಿದು ಹೋದರೂ, ಪಟ್ಟಿಯಲ್ಲಿಲ್ಲದವನನ್ನು ನೋಡಬಲ್ಲ ಕಣ್ಣನ್ನು ಅವರು ಮನೆಯಲ್ಲಿ ಬಿಟ್ಟು ಹೋಗಿರಲಿಲ್ಲ.

ಇವೆಲ್ಲಕ್ಕಿಂತ ದಟ್ಟವಾದ ಮಂಜೊಂದುಂಟು. ಅದು ಹುಟ್ಟಿದ ತಿಂಗಳಿನದು. ಕೆನಡಾದಲ್ಲಿ ಮಕ್ಕಳ ಹಾಕಿಯ ವಯಸ್ಸನ್ನು ಜನವರಿ ೧ರಿಂದ ಎಣಿಸುವರು. ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಒಂಬತ್ತು, ಹತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಹೆಚ್ಚಿಗೆಯೆಂದರೆ ಸುಮಾರು ಎರಡು ಅಂಗುಲ ಎತ್ತರ, ಅದಕ್ಕೆ ತಕ್ಕ ಬಲ. ಆರಿಸುವವನ ಕಣ್ಣಿಗೆ ಅದು ಪ್ರತಿಭೆಯಾಗಿ ಕಾಣುತ್ತದೆ. ಆರಿಸಲ್ಪಟ್ಟವನಿಗೆ ಒಳ್ಳೆಯ ಶಿಕ್ಷಕ, ಹೆಚ್ಚು ಅಭ್ಯಾಸ, ಹೆಚ್ಚು ಪಂದ್ಯ. ಎರಡು ಮೂರು ವರ್ಷಗಳಲ್ಲಿ ಅವನು ನಿಜವಾಗಿಯೂ ಮುಂದಾಗುವನು. ಭ್ರಮೆಯೇ ಹೀಗೆ ನಿಜವಾಗಿಬಿಡುತ್ತದೆ. ಕೆನಡಾದ ರೋಜರ್ ಬಾರ್ನ್ಸ್‌ಲಿ ಮುಂತಾದ ವಿದ್ವಾಂಸರು ೧೯೮೫ರಲ್ಲಿಯೇ ಇದನ್ನು ತೋರಿಸಿದ್ದರು. ೧೯೮೦ರಿಂದ ೨೦೦೭ರವರೆಗೆ ಡ್ರಾಫ್ಟಿನಲ್ಲಿ ಆಯ್ಕೆಯಾದ ಕೆನಡಾದ ಹುಡುಗರ ಲೆಕ್ಕವನ್ನು ರಾಬರ್ಟ್ ಡೀನರ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದರು. ಆಯ್ಕೆಯಾದವರಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ನೂರಕ್ಕೆ ೩೬. ಕೊನೆಯ ಮೂರು ತಿಂಗಳವರು ಸುಮಾರು ೧೫ ಮಾತ್ರ. ಆದರೆ ಆಯ್ಕೆಯಾದ ಮೇಲೆ ಲೀಗಿನಲ್ಲಿ ದೀರ್ಘಕಾಲ ನೆಲೆಸಿ ನಿಂತವರ ಪ್ರಮಾಣವನ್ನು ನೋಡಿದರೆ, ವರ್ಷದ ಕೊನೆಯ ಆರು ತಿಂಗಳಲ್ಲಿ ಹುಟ್ಟಿದವರದು ಮೊದಲ ಮೂರು ತಿಂಗಳವರ ಸುಮಾರು ಎರಡರಷ್ಟಾಗಿತ್ತು. ಎಂದರೆ ಶೋಧಕರು, ತಮಗೇ ಅರಿವಿಲ್ಲದೆ, ಕಿರಿಯರಿಗೆ ಕಡಿಮೆ ಬೆಲೆ ಕಟ್ಟಿದ್ದರು.

ನ್ಯಾಯವಾಗಿ ಹೇಳಬೇಕಾದರೆ ಅವರು ಸರಿಯಾಗಿ ಕಂಡ ಸಂದರ್ಭಗಳೂ ಉಂಟು. ೨೦೨೫ರ ಜೂನಿನಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಮ್ಯಾಥ್ಯೂ ಶೇಫರ್ ಹುಟ್ಟಿದುದು ೨೦೦೭ರ ಸೆಪ್ಟೆಂಬರ್ ೫ರಂದು. ಇನ್ನು ಹನ್ನೊಂದು ದಿನ ತಡವಾಗಿ ಹುಟ್ಟಿದ್ದರೆ ಆ ವರ್ಷ ಅರ್ಹನೇ ಆಗುತ್ತಿರಲಿಲ್ಲ. ಮೇಲಾಗಿ ೨೦೨೪ರ ಡಿಸೆಂಬರಿನಲ್ಲಿ ಕೊರಳೆಲುಬು ಮುರಿದು, ಆ ಋತುವಿನಲ್ಲಿ ತನ್ನ ತಂಡದ ಪರವಾಗಿ ೧೭ ಪಂದ್ಯಗಳನ್ನಷ್ಟೇ ಆಡಿದ್ದನು. ಅಂಕಪಟ್ಟಿಯನ್ನೇ ನಂಬುವವರಾಗಿದ್ದರೆ ಅವನನ್ನು ಬದಿಗೆ ಸರಿಸುತ್ತಿದ್ದರು. ಆಟವನ್ನು ನೋಡಿ ಬಲ್ಲವರು ಕಾಯಿಲೆಯ ರಜೆಯನ್ನು ದಡ್ಡತನವೆಂದು ಎಣಿಸಲಿಲ್ಲ.

ನಮ್ಮ ಮೊಮ್ಮಗನು ಹುಟ್ಟಿದುದು ಡಿಸೆಂಬರಿನ ಕೊನೆಯ ವಾರ. ನಾವಿದ್ದಾಗಲೇ ವಸಂತದಲ್ಲಿ ಮೇಲಿನ ತಂಡಕ್ಕೆ ಹುಡುಗರನ್ನು ಆರಿಸಿದರು; ಅವನು ಆಯ್ಕೆಯಾಗಲಿಲ್ಲ. “ಚಿಕ್ಕವನು” ಎಂಬುದು ಕಾರಣ. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ರಾತ್ರಿ ಮಲಗುವಾಗ, “ತಾತ, ನಾನು ಒಂದು ವಾರ ತಡೆದು ಹುಟ್ಟಿದ್ದರೆ ಆಗುತ್ತಿತ್ತೇ?” ಎಂದು ಕೇಳಿದನು. ಲೆಕ್ಕ ಸರಿಯಾಗಿಯೇ ಇತ್ತು. ಜನವರಿಯಲ್ಲಿ ಹುಟ್ಟಿದ್ದರೆ ಅವನೇ ಮುಂದಿನ ಗುಂಪಿನ ದೊಡ್ಡವನಾಗುತ್ತಿದ್ದನು. ಆ ಮಗುವಿಗೆ ಹೇಳಲು ನಮಗೆ ಉತ್ತರ ತೋಚಲಿಲ್ಲ. ಆ ರಾತ್ರಿ ನಮಗೆ ನಿದ್ರೆ ಬಾರದಿದ್ದುದಕ್ಕೆ ಅವನ ದುಃಖವೊಂದೇ ಕಾರಣವಾಗಿರಲಿಲ್ಲ. ನಮ್ಮದೊಂದು ಹಳೆಯ ತಪ್ಪೂ ಎದ್ದು ಬಂದು ಎದುರಿಗೆ ಕುಳಿತಿತ್ತು.

ನಾವು ಹತ್ತನೆಯ ತರಗತಿಗೆ ಪಾಠ ಹೇಳುತ್ತಿದ್ದ ಕಾಲ. ಮುಂದಿನ ಸಾಲಿನ ನಾಲ್ಕೈದು ಹುಡುಗರು ಚುರುಕು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಹಿಂದಿನ ಬೆಂಚಿನ ಮೂಲೆಯಲ್ಲಿ ಹಿಟ್ಟಿನ ಗಿರಣಿಯವರ ಮಗನೊಬ್ಬನಿದ್ದನು. ಕೇಳಿದರೆ ಎದ್ದು ನಿಲ್ಲಲು ತಡ, ಬಾಯಿ ತೆರೆಯಲು ಇನ್ನೂ ತಡ. ಕಾಯುವ ತಾಳ್ಮೆಯಿಲ್ಲದೆ ಪಕ್ಕದವನನ್ನು ಕೇಳುತ್ತಿದ್ದೆವು. ಮೊದಲ ಕಿರುಪರೀಕ್ಷೆಯಾದೊಡನೆ ಅವನ ಪ್ರಗತಿಪತ್ರದಲ್ಲಿ “ಸಾಧಾರಣ” ಎಂದು ಬರೆದೆವು. ಫೆಬ್ರವರಿಯ ಒಂದು ದಿನ ಮುಂದಿನ ಸಾಲಿನವರೆಲ್ಲ ಯಾವುದೋ ಸ್ಪರ್ಧೆಗೆ ಹೋಗಿದ್ದರು. ಬೇರೆ ಗತಿಯಿಲ್ಲದೆ ಅವನನ್ನು ಎಬ್ಬಿಸಿ, ‘ಪೀತಾಂಬರ’ ಯಾವ ಸಮಾಸವೆಂದು ಕೇಳಿದೆವು. ಚುರುಕಿನವರು ಈ ಪ್ರಶ್ನೆಗೆ ಕಣ್ಣು ಮುಚ್ಚಿ ಬಹುವ್ರೀಹಿ ಎನ್ನುವರು. ಅವನು ಒಂದು ನಿಮಿಷ ಸುಮ್ಮನಿದ್ದು, “ಬಟ್ಟೆಯನ್ನು ಹೇಳಿದರೆ ಕರ್ಮಧಾರಯ, ಉಟ್ಟವನನ್ನು ಹೇಳಿದರೆ ಬಹುವ್ರೀಹಿ. ಪೂರ್ತಿ ವಾಕ್ಯ ಹೇಳಿ ಸಾರ್” ಎಂದನು. ನಾವು ಮಂದಗತಿಯೆಂದು ತಿಳಿದಿದ್ದುದು ಆಲೋಚನೆಯಾಗಿತ್ತು. ಪರೀಕ್ಷೆ ಮುಗಿದ ಮೇಲೆ ಅವನನ್ನು ಗಿರಣಿಯ ಕೆಲಸಕ್ಕೆ ಹಾಕುವರೆಂದು ಕೇಳಿ, ಮುಂದೆ ಓದಿಸಿರೆಂದು ಹೇಳಲು ಅವನ ತಂದೆಯ ಬಳಿಗೆ ಹೋದೆವು. ಅವರು ವಿನಯದಿಂದಲೇ ಪ್ರಗತಿಪತ್ರವನ್ನು ತಂದು ತೋರಿಸಿ, “ತಾವೇ ಬರೆದಿದ್ದೀರಲ್ಲಾ ಸ್ವಾಮಿ” ಎಂದರು. ಅಕ್ಷರ ನಮ್ಮದು. ಎಷ್ಟು ಹೇಳಿದರೂ ಆ ಒಂದು ಶಬ್ದವನ್ನು ಅಳಿಸಲಾಗಲಿಲ್ಲ.

ಹಾಕಿಯ ಶೋಧಕನು ತಪ್ಪಿದರೆ ತಂಡಕ್ಕೆ ಒಂದು ಸರದಿ ನಷ್ಟ. ಅವನು ಬಿಟ್ಟವನನ್ನು ಹಿಡಿಯಲು ಮತ್ತೆ ೩೧ ತಂಡಗಳಿವೆ. ಯಾರೂ ಕೂಗದವನಿಗೂ ಸೇಂಟ್ ಲೂಯಿಯಂತೆ ಹಿಂಬಾಗಿಲಿನಿಂದ ಬರುವ ಅವಕಾಶವಿದೆ. ನಮ್ಮ ಮನೆಯ ಮಕ್ಕಳಿಗಾದರೋ ಒಂದೇ ಮನೆ, ಒಬ್ಬರೇ ತಾಯಿತಂದೆ, ಒಂದು ತರಗತಿಗೆ ಒಬ್ಬರೇ ಉಪಾಧ್ಯಾಯರು. ನಾವು ದೊಡ್ಡವನನ್ನು ಜಾಣನೆಂದೂ ಚಿಕ್ಕವನನ್ನು ಪೆದ್ದನೆಂದೂ ಊಟದ ಮನೆಯಲ್ಲಿ ಆಡುವ ಮಾತು ಡ್ರಾಫ್ಟಿನ ಕೂಗಿಗಿಂತ ಗಟ್ಟಿಯಾಗಿ ಕೇಳಿಸುತ್ತದೆ. ಜೂನಿನಲ್ಲಿ ಶಾಲೆಗೆ ಸೇರಿಸುವಾಗ ವರ್ಷ ತುಂಬಲು ಇನ್ನೇನು ಕೆಲವೇ ದಿನವಿದ್ದ ಮಗುವನ್ನೂ ತುಂಬಿ ಹತ್ತು ತಿಂಗಳಾದ ಮಗುವನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, ಒಬ್ಬನ ಅಕ್ಷರ ದುಂಡಾಗಿದೆ, ಇನ್ನೊಬ್ಬನದು ಸೊಟ್ಟವೆಂದು ಹೋಲಿಸುವ ಮುನ್ನ ಜಾತಕವನ್ನೊಮ್ಮೆ ತೆಗೆದು ನೋಡುವುದು ಒಳ್ಳೆಯದು. ಗ್ರಹಗತಿಗಾಗಿ ಅಲ್ಲ, ತಿಂಗಳಿಗಾಗಿ.

ಗಾದೆಯು ಸುಳ್ಳೆಂದು ನಾವು ಹೇಳುವುದಿಲ್ಲ. ಸಿರಿಯು ಮೊಳಕೆಯಲ್ಲಿ ಇರುವುದೇ ನಿಜ. ಒಂದು ಸಾರಿ ನೋಡಿದರೆ ಕಾಣುವುದೆಂದು ಗಾದೆ ಹೇಳಿಲ್ಲ. ಅಳೆಯಬೇಕಾದಲ್ಲಿ ಅಳೆಯೋಣ, ಆರಿಸಬೇಕಾದಲ್ಲಿ ಆರಿಸೋಣ. ಅವಿಲ್ಲದೆ ತಂಡವೂ ನಡೆಯದು, ಶಾಲೆಯೂ ನಡೆಯದು. ಆದರೆ ತೀರ್ಪನ್ನು ಪೆನ್ಸಿಲಿನಿಂದ ಬರೆದು, ಮತ್ತೊಮ್ಮೆ ನೋಡಲು ಬರುತ್ತೇವೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳೋಣ. ಹುಡುಗನೆಂಬುವನು ವಾಕ್ಯ ಮುಗಿಯದ ಒಂದು ಪದ. ಪೂರ್ತಿ ವಾಕ್ಯವನ್ನು ಕೇಳದೆ ಅವನ ಅರ್ಥವನ್ನು ಹೇಳಬಾರದೆಂಬ ಪಾಠವನ್ನು ನಮಗೆ ಕಲಿಸಿದವನು ಹಿಂದಿನ ಬೆಂಚಿನ ಆ ಹುಡುಗ.

ಮೊಮ್ಮಗನು ಈಗ ಕೆಳಗಿನ ತಂಡದಲ್ಲಿ ಆಡುತ್ತಿದ್ದಾನೆ. ಅಲ್ಲಿ ಬೆಂಚಿನ ಮೇಲೆ ಕೂರುವ ಕಾಲ ಕಡಿಮೆ, ಮಂಜುಗಡ್ಡೆಯ ಮೇಲಿರುವ ಕಾಲ ಹೆಚ್ಚೆಂದು ಅವನಿಗೆ ಸಂತೋಷ. ಹೋದ ಭಾನುವಾರ ಫೋನಿನಲ್ಲಿ ಮಾತನಾಡಿದಾಗ, ಬಾಗಿಲ ಚೌಕಟ್ಟಿನ ಮೇಲೆ ಅವನ ತಾಯಿ ಹಾಕಿದ ಗುರುತಿಗಿಂತ ತಾನು ಒಂದು ಅಂಗುಲ ಮೇಲೆ ಹೋಗಿರುವುದಾಗಿ ತಿಳಿಸಿದನು.